ಸಕಲಕಲಾವಲ್ಲಭ ಪಾತ್ರ ಕಟ್ಟುವುದು ಹೇಗೆ? ಆಡಿದವರು ಹೇಳಿ

ಕೇಳಿದವರು:

ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ, ದಾಳ ಹಾಕಿ ಆಡುವ ಕಥೆಯಾಟ), ಐದನೇ ಆವೃತ್ತಿ, 2014ರ ನಿಯಮಗಳು. ನಾಲ್ವರು ಆಟಗಾರರು, ಜೊತೆಗೆ ಡಿಎಂ, ಅಂದರೆ ಕಥೆ ನಡೆಸುವವರು. ಉಳಿದ ಮೂವರು ಬಾರ್ಬೇರಿಯನ್ (ಉಗ್ರ ಕಾಳಗದವ), ವಿಝಾರ್ಡ್ (ಮಂತ್ರವಾದಿ), ರೇಂಜರ್ (ಕಾಡು ಬಲ್ಲ ಬೇಟೆಗಾರ) ಎಂದು ಆಗಲೇ ಆಯ್ದುಕೊಂಡಿದ್ದಾರೆ. ಬೀಗ ತೆಗೆಯುವವರಿಲ್ಲ, ಬಿದ್ದವರನ್ನು ಎಬ್ಬಿಸುವವರಿಲ್ಲ, ಊರಿನ ಒಡೆಯನ ಮುಂದೆ ನಿಂತು ನಾಲ್ಕು ಮಾತನಾಡುವವರೂ ಇಲ್ಲ. ಮೂರನ್ನೂ ನಾನೇ ಹೊತ್ತುಕೊಳ್ಳೋಣ ಎಂದುಕೊಂಡಿದ್ದೇನೆ. ಯೋಚನೆ ಹೀಗಿದೆ: ಪಾತ್ರದ ಆರು ಗುಣಗಳಿಗೆ (ಬಲ, ಚುರುಕು, ಬುದ್ಧಿ ಮುಂತಾದವು) ಅಂಕ ಕೊಳ್ಳಲು ಸಿಗುವ 27 ಪಾಯಿಂಟ್‌ಗಳನ್ನು ಸಮವಾಗಿ ಹಂಚಿ 13, 13, 13, 12, 12, 12, ಮನುಷ್ಯನಾದ್ದರಿಂದ ಎಲ್ಲಕ್ಕೂ ಒಂದೊಂದು ಸೇರುತ್ತದೆ. ಆಮೇಲೆ ಫೈಟರ್ (ಯೋಧ), ರೋಗ್ (ಕೈಚಳಕದ ಕಳ್ಳ), ಕ್ಲೆರಿಕ್ (ಪುರೋಹಿತ), ವಿಝಾರ್ಡ್ ಎಂದು ಲೆವೆಲ್‌ಗೊಂದು ಕ್ಲಾಸ್ (ಪಾತ್ರದ ವೃತ್ತಿ). ಇಂಥ ಪಾತ್ರ ಆಡಿದವರು ಅನುಭವ ಹೇಳಬೇಕು.

ಮೊದಲ ಉತ್ತರ:

ಲೆವೆಲ್‌ಗೊಂದು ಕ್ಲಾಸ್ ಬೇಡ. ನಮ್ಮ ಗುಂಪಿನಲ್ಲಿ ಒಬ್ಬರು ಹೆಚ್ಚುಕಡಿಮೆ ಇದನ್ನೇ ಆಡಿದ್ದರು. ನಾಲ್ಕನೇ ಲೆವೆಲ್‌ವರೆಗೆ ಮೋಜಾಗಿಯೇ ಇತ್ತು. ಐದಕ್ಕೆ ಬಂದದ್ದೇ ತಡ, ಬಾರ್ಬೇರಿಯನ್ ಪ್ರತಿ ಸರದಿಯಲ್ಲಿ ಎರಡೆರಡು ಏಟು ಹಾಕತೊಡಗಿದ, ವಿಝಾರ್ಡ್ ಫೈರ್‌ಬಾಲ್ ಎಸೆದು ಕೋಣೆಗೆ ಕೋಣೆಯನ್ನೇ ಸುಟ್ಟಳು. ಇವರ ಪಾತ್ರಕ್ಕೆ ಒಂದೇ ಏಟು, ಅದೇ ಮೊದಲ ಹಂತದ ಮಂತ್ರಗಳು. ಅಂಕ ಏರಿಸಿಕೊಳ್ಳುವ ಅವಕಾಶವೂ ಇಲ್ಲ. ಅದು ಒಂದೇ ಕ್ಲಾಸ್‌ನಲ್ಲಿ ನಾಲ್ಕು ಲೆವೆಲ್ ತುಂಬಿದಾಗ ಬರುವುದೇ ಹೊರತು ಒಟ್ಟು ನಾಲ್ಕಾದಾಗ ಅಲ್ಲ. ಹತ್ತು ಕಡೆ ಮೂರು ಮೂರು ಅಡಿ ತೋಡಿದರೆ ಎಲ್ಲಿಯೂ ನೀರು ಬರುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾಳಗದಲ್ಲಿ ಸರದಿಗೆ ಒಂದೇ ಆ್ಯಕ್ಷನ್. ನಿಮ್ಮ ಹಾಳೆಯಲ್ಲಿ ಇಪ್ಪತ್ತು ವಿದ್ಯೆ ಬರೆದಿದ್ದರೂ ಆ ಆರು ಸೆಕೆಂಡ್‌ಗಳಲ್ಲಿ ಆಡುವುದು ಒಂದನ್ನೇ, ಆ ಒಂದು ಪೆಟ್ಟಾದರೂ ಗಟ್ಟಿಯಾಗಿರಬೇಕು. ಬಹುವಿದ್ಯೆ ಫಲ ಕೊಡುವುದು ಕಾಳಗದ ಹೊರಗೆ.

ನಾನು ಹೇಳುವುದು ಬಾರ್ಡ್, ಅಂದರೆ ಮಾತು, ಸಂಗೀತದಿಂದ ಮಂತ್ರ ಹಾಕುವ ಕ್ಲಾಸ್. ಹಾಫ್-ಎಲ್ಫ್ (ಅರ್ಧ ಮನುಷ್ಯ, ಅರ್ಧ ಎಲ್ಫ್ ಆದ ಕುಲ) ಬಾರ್ಡ್, ಮೂರನೇ ಲೆವೆಲ್‌ನಲ್ಲಿ ಕಾಲೇಜ್ ಆಫ್ ಲೋರ್ ಎಂಬ ಶಾಖೆ. ಬಾರ್ಡ್‌ಗೆ ಮೂರು ಕೌಶಲ, ಹಾಫ್-ಎಲ್ಫ್‌ಗೆ ಎರಡು, ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿಂದಿನ ಬದುಕು) ಎರಡು, ಲೋರ್‌ನಿಂದ ಮೂರು: ಆಟದಲ್ಲಿರುವ 18 ಕೌಶಲಗಳಲ್ಲಿ ಹತ್ತು ಕೈಗೆ ಬಂದವು. ಬ್ಯಾಕ್‌ಗ್ರೌಂಡ್ ಕ್ರಿಮಿನಲ್ ಆಗಿರಲಿ, ಅದರಲ್ಲಿ ಬೀಗ ತೆಗೆಯುವ ಸಲಕರಣೆಯ ಪರಿಣತಿ ಸೇರಿಯೇ ಬರುತ್ತದೆ. ನಿಮ್ಮ ಮೊದಲ ಚಿಂತೆ ಮುಗಿಯಿತು.

ಉಳಿದ ಎಂಟು ಕೌಶಲಗಳಿಗೆ ಬಾರ್ಡ್‌ನ ಎರಡನೇ ಲೆವೆಲ್‌ನಲ್ಲಿ ಸಿಗುವ ಜ್ಯಾಕ್ ಆಫ್ ಆಲ್ ಟ್ರೇಡ್ಸ್ ಇದೆ. ಆದರೆ ಅದರ ಹೆಸರು ಕೇಳಿ ಮರುಳಾಗಬೇಡಿ. ಪ್ರೊಫಿಶಿಯನ್ಸಿ ಬೋನಸ್‌ನ (ಕಲಿತ ಕೆಲಸಕ್ಕೆ ದಾಳದ ಮೇಲೆ ಸೇರುವ ಸಂಖ್ಯೆ) ಅರ್ಧ, ಅದೂ ಕೆಳಕ್ಕೆ ಇಳಿಸಿದ ಅರ್ಧ. ಎಂಟನೇ ಲೆವೆಲ್‌ವರೆಗೆ ಅದು ಬರೀ ಒಂದು. ಒಂಬತ್ತರಿಂದ ಎರಡು, ಹದಿನೇಳರಿಂದ ಮೂರು. ಇಪ್ಪತ್ತು ಮುಖದ ದಾಳದಲ್ಲಿ ಒಂದು ಎಂದರೆ ನೂರಕ್ಕೆ ಐದು, ಅಷ್ಟೇ. ನನಗೆ ಅದು ಹೆಚ್ಚು ಒದಗಿದ್ದು ಇನಿಷಿಯೇಟಿವ್‌ನಲ್ಲಿ, ಅಂದರೆ ಕಾಳಗದಲ್ಲಿ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ದಾಳದಲ್ಲಿ. 2014ರ ನಿಯಮದಲ್ಲಿ ಇನಿಷಿಯೇಟಿವ್ ಕೂಡ ಡೆಕ್ಸ್ಟೆರಿಟಿ (ಚುರುಕು) ಪರೀಕ್ಷೆಯಾದ್ದರಿಂದ ಅದಕ್ಕೂ ಈ ಒಂದು ಸೇರುತ್ತದೆ. ಆರನೇ ಲೆವೆಲ್‌ನಲ್ಲಿ ಲೋರ್ ಬಾರ್ಡ್ ಬೇರೆ ಕ್ಲಾಸ್‌ಗಳ ಪಟ್ಟಿಯಿಂದ ಎರಡು ಮಂತ್ರ ಎತ್ತಿಕೊಳ್ಳಬಹುದು; ಎದುರಾಳಿಯ ಮಂತ್ರ ತಡೆಯುವ ಕೌಂಟರ್‌ಸ್ಪೆಲ್ ಎತ್ತಿಕೊಂಡರೆ ಅದರ ಪರೀಕ್ಷೆಗೂ ಸೇರುತ್ತದೆ. 2024ರ ಪರಿಷ್ಕೃತ ನಿಯಮದಲ್ಲಿ ಇದನ್ನು ಕೌಶಲ ಪರೀಕ್ಷೆಗಳಿಗೆ ಮಾತ್ರ ಕಟ್ಟಿಹಾಕಿದ್ದಾರೆ, ಹಾಗಾಗಿ ನಿಮ್ಮ ಗುಂಪು ಮುಂದೆ ಆ ನಿಯಮಗಳಿಗೆ ದಾಟುವುದಾದರೆ ಮೊದಲೇ ತಿಳಿದಿರಲಿ.

ಅಂಕಗಳನ್ನು ಸಮವಾಗಿ ಹಂಚುವುದಕ್ಕೆ ನನ್ನ ಪೂರ್ಣ ವಿರೋಧವಿದೆ. ಕರಿಸ್ಮಾ (ಮಾತಿನ ಪ್ರಭಾವ) 15, ಡೆಕ್ಸ್ಟೆರಿಟಿ 14, ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 13, ವಿಸ್ಡಮ್ (ವಿವೇಕ) 12, ಇಂಟೆಲಿಜೆನ್ಸ್ 10, ಸ್ಟ್ರೆಂತ್ 8. ಇದೂ 27 ಪಾಯಿಂಟ್‌ಗೆ ಸರಿಯಾಗಿ ಕೂರುತ್ತದೆ. ಹಾಫ್-ಎಲ್ಫ್ ಸೇರಿದ ಮೇಲೆ ಕರಿಸ್ಮಾ 17, ಡೆಕ್ಸ್ಟೆರಿಟಿ 15, ಕಾನ್‌ಸ್ಟಿಟ್ಯೂಷನ್ 14. ನಾಲ್ಕನೇ ಲೆವೆಲ್‌ನಲ್ಲಿ ಮೊದಲೆರಡಕ್ಕೆ ಒಂದೊಂದು ಹಾಕಿದರೆ 18 ಮತ್ತು 16. ಮೂರನೇ ಲೆವೆಲ್‌ನಲ್ಲಿ ಪರ್ಸುವೇಷನ್‌ಗೆ (ಮನವೊಲಿಸುವುದು) ಎಕ್ಸ್‌ಪರ್ಟೀಸ್ (ಪ್ರೊಫಿಶಿಯನ್ಸಿ ಬೋನಸ್ ಇಮ್ಮಡಿ) ಕೊಟ್ಟರೆ ದಾಳಕ್ಕೆ ಒಟ್ಟು ಏಳು ಸೇರುತ್ತದೆ, 15ರ ಗುರಿ ನೂರಕ್ಕೆ 65 ಸಲ ಸಿಗುತ್ತದೆ. ನೀವು ಹೇಳಿದ ಮನುಷ್ಯನಿಗೆ ಕರಿಸ್ಮಾ 14 ಇದ್ದು ಕೌಶಲ ಕಲಿತಿದ್ದರೂ ಅದೇ ಗುರಿಗೆ 50 ಮಾತ್ರ.

ಎಬ್ಬಿಸುವ ಕೆಲಸಕ್ಕೆ ಹೀಲಿಂಗ್ ವರ್ಡ್ ಎಂಬ ಮಂತ್ರ ಒಂದೇ ಸಾಕು. ಗಾಯ ತುಂಬುವುದು ನಾಲ್ಕು ಮುಖದ ಒಂದು ದಾಳ ಮತ್ತು ಕರಿಸ್ಮಾದ ಬೋನಸ್‌ನಷ್ಟೇ, ಲೆಕ್ಕಕ್ಕೆ ಸಾಲದು. ಆದರೆ ಅದು ಬೋನಸ್ ಆ್ಯಕ್ಷನ್ (ಸರದಿಯ ಆ್ಯಕ್ಷನ್ ಜೊತೆಗೆ ಮಾಡಬಹುದಾದ ಸಣ್ಣ ಕೆಲಸ), ಅರವತ್ತು ಅಡಿ ದೂರದಿಂದ ಹೇಳಬಹುದು. ಜೀವಾಂಕ ಸೊನ್ನೆಗೆ ಇಳಿದು ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿ, ಅದೇ ಸರದಿಯಲ್ಲಿ ಬಾಣವನ್ನೂ ಬಿಡಬಹುದು. ಕಾಳಗ ಮುಗಿದ ಮೇಲಿನ ಶುಶ್ರೂಷೆ ನಿಮ್ಮ ತಲೆನೋವಲ್ಲ. ರೇಂಜರ್ ಎರಡನೇ ಲೆವೆಲ್‌ನಲ್ಲಿ ಗುಡ್‌ಬೆರಿ ಕಲಿತರೆ ಒಂದು ಮಂತ್ರಕ್ಕೆ ಗಾಯ ಮಾಯಿಸುವ ಹತ್ತು ಹಣ್ಣು. ಅವರನ್ನು ಈಗಲೇ ಕೇಳಿಡಿ.

ಎರಡನೆಯವರು:

ಬಾರ್ಡ್ ಬಿಟ್ಟರೆ ಲೋಕವೇ ಇಲ್ಲವೆಂಬಂತೆ ಎಲ್ಲರೂ ಬರೆಯುತ್ತಾರೆ. ರೋಗ್ ನೋಡಿ ಸ್ವಾಮಿ. ಕ್ಲಾಸ್‌ನಿಂದಲೇ ನಾಲ್ಕು ಕೌಶಲ, ಎಕ್ಸ್‌ಪರ್ಟೀಸ್ ಮೊದಲ ಲೆವೆಲ್‌ನಿಂದಲೇ (ಬಾರ್ಡ್ ಮೂರರವರೆಗೆ ಕಾಯಬೇಕು), ಬೀಗದ ಸಲಕರಣೆ ಹುಟ್ಟಿನಿಂದಲೇ. ನಾನು ಆಡಿದ್ದು ವೇರಿಯಂಟ್ ಮನುಷ್ಯ, ಮೊದಲ ಲೆವೆಲ್‌ನ ಫೀಟ್ (ವಿಶೇಷ ವಿದ್ಯೆ) ಹೀಲರ್, ಮೂರರಲ್ಲಿ ಥೀಫ್ ಎಂಬ ಶಾಖೆ. ಥೀಫ್‌ನ ಫಾಸ್ಟ್ ಹ್ಯಾಂಡ್ಸ್ ಇದ್ದರೆ ವಸ್ತು ಬಳಸುವುದು ಬೋನಸ್ ಆ್ಯಕ್ಷನ್ ಆಗುತ್ತದೆ, ಅಂದರೆ ಶುಶ್ರೂಷೆಯ ಪೆಟ್ಟಿಗೆಯನ್ನು ಬೋನಸ್ ಆ್ಯಕ್ಷನ್‌ನಲ್ಲಿ ತೆರೆಯಬಹುದು. ಐದು ಚಿನ್ನದ ನಾಣ್ಯಕ್ಕೆ ಒಂದು ಪೆಟ್ಟಿಗೆ, ಹತ್ತು ಸಲ ಬಳಕೆ. ಮೂರನೇ ಲೆವೆಲ್‌ನಲ್ಲಿ ಒಂದು ಸಲಕ್ಕೆ ಸರಾಸರಿ ಹತ್ತೂವರೆ ಜೀವಾಂಕ ತುಂಬುತ್ತದೆ, ಹೀಲಿಂಗ್ ವರ್ಡ್‌ಗಿಂತ ಎಷ್ಟೋ ಹೆಚ್ಚು. ಒಬ್ಬರಿಗೆ ಒಮ್ಮೆ ತುಂಬಿದರೆ ಅವರು ವಿಶ್ರಾಂತಿ ಪಡೆಯುವವರೆಗೆ ಮತ್ತೆ ತುಂಬಲಾಗದು, ಬಿದ್ದವರ ಪಕ್ಕಕ್ಕೆ ಹೋಗಿಯೇ ಮಾಡಬೇಕು. ಅವೆರಡೇ ಕೊರತೆ. ಮಾತಿನ ಕೆಲಸದಲ್ಲಿ ಬಾರ್ಡ್‌ಗೆ ಸಾಟಿಯಲ್ಲ, ಒಪ್ಪುತ್ತೇನೆ.

ಹನ್ನೊಂದನೇ ಲೆವೆಲ್‌ನ ರಿಲಯಬಲ್ ಟ್ಯಾಲೆಂಟ್ ಎಂಬ ಶಕ್ತಿಯ ಆಸೆಗೆ ಮಾತ್ರ ರೋಗ್ ಆಗಬೇಡಿ. ಎಷ್ಟೋ ಆಟಗಳು ಅಲ್ಲಿಯವರೆಗೆ ತಲುಪುವುದೇ ಇಲ್ಲ.

ಡಿಎಂ ಒಬ್ಬರು:

ಪರದೆಯ ಈಚೆ ಕುಳಿತವರ ಮಾತನ್ನೂ ಕೇಳಿ. ಇಂಥ ಪಾತ್ರಗಳಿಂದ ನನಗೆ ಬಂದ ತೊಂದರೆ ಅಂಕಗಳದ್ದಲ್ಲ. ಯಾರು ಏನೇ ಮಾಡಹೊರಟರೂ “ನಾನೂ ದಾಳ ಹಾಕಲೇ?” ಎಂಬ ಪ್ರಶ್ನೆ. ರೇಂಜರ್ ಕಾಡಿನಲ್ಲಿ ಹೆಜ್ಜೆಗುರುತು ಹುಡುಕುವಾಗ ಇವರೂ ಹುಡುಕುತ್ತಾರೆ. ವಿಝಾರ್ಡ್ ಶಾಸನ ಓದುವಾಗ ಇವರೂ ಬಗ್ಗುತ್ತಾರೆ. ಇಬ್ಬರು ಮೂವರ ಗುಂಪಿನಲ್ಲಿ ಸಕಲಕಲಾವಲ್ಲಭ ವರದಾನ. ಆರು ಜನರಿರುವಲ್ಲಿ ಅವನಿಗೆ ಮಾಡಲು ಕೆಲಸವಿರುವುದಿಲ್ಲ, ಆದ್ದರಿಂದ ಇತರರ ಕೆಲಸಕ್ಕೆ ಕೈ ಹಾಕುತ್ತಾನೆ. ನಾಲ್ವರೆಂದರೆ ಗಡಿಯ ಮೇಲೆ ಇದ್ದೀರಿ.

ಹಾಗಿದ್ದಾಗ ಮಾಡಬೇಕಾದದ್ದು ಸಹಾಯ. ಲೆಕ್ಕವೂ ಇದನ್ನೇ ಹೇಳುತ್ತದೆ. ರೇಂಜರ್‌ಗೆ ಐದರ ಬೋನಸ್ ಇದೆ, ಗುರಿ 15, ಗೆಲ್ಲುವ ಸಾಧ್ಯತೆ ನೂರಕ್ಕೆ 55 ಎಂದಿಟ್ಟುಕೊಳ್ಳಿ. ನೀವು ಹೆಲ್ಪ್ ಮಾಡಿದರೆ ಅವರು ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುತ್ತಾರೆ. ಸಾಧ್ಯತೆ ಸುಮಾರು 80ಕ್ಕೆ ಏರುತ್ತದೆ. ಅದರ ಮೇಲೆ ಬಾರ್ಡ್ ಹುರಿದುಂಬಿಸಿ ಕೊಡುವ ಬಾರ್ಡಿಕ್ ಇನ್‌ಸ್ಪಿರೇಷನ್‌ನ ಆರು ಮುಖದ ದಾಳ ಕೊಟ್ಟರಂತೂ ಸೋಲುವುದೇ ಅಪರೂಪ. ನೀವೇ ಒಂದರ ಅರೆಬೋನಸ್ ಹಿಡಿದು ಪ್ರತ್ಯೇಕವಾಗಿ ದಾಳ ಹಾಕುವುದಕ್ಕಿಂತ ಇದು ತಂಡಕ್ಕೆ ಒಳ್ಳೆಯದು, ಗೆದ್ದ ಹೆಮ್ಮೆಯೂ ರೇಂಜರ್ ಆಡುವವರದ್ದೇ ಆಗಿ ಉಳಿಯುತ್ತದೆ. ಒಂದು ಷರತ್ತಿದೆ: ಆ ಕೆಲಸವನ್ನು ಒಬ್ಬರೇ ಮಾಡಲು ಶಕ್ತರಾಗಿದ್ದವರು ಮಾತ್ರ ಅದಕ್ಕೆ ಸಹಾಯ ಮಾಡಬಹುದು. ಹತ್ತು ಕೌಶಲ ಕಲಿತದ್ದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಕೌಶಲ ಆಯ್ಕೆಗೆ ಮುಂಚೆ ನಿಮ್ಮ ಡಿಎಂ ಬಳಿ ಕಥೆ ಎಲ್ಲಿ ನಡೆಯುತ್ತದೆ ಎಂದು ಕೇಳಿ. ಊರು, ಅರಮನೆ ಎಂದರೆ ಇನ್‌ಸೈಟ್, ಡಿಸೆಪ್ಷನ್. ಹಾಳುಬಿದ್ದ ಕೋಟೆ, ಸುರಂಗ ಎಂದರೆ ಇನ್‌ವೆಸ್ಟಿಗೇಷನ್. ಪರ್ಸೆಪ್ಷನ್ ಎಲ್ಲಿದ್ದರೂ ಬೇಕು.

ಅಂದಹಾಗೆ, ಲೆವೆಲ್‌ಗೊಂದು ಕ್ಲಾಸ್ ಎಂಬ ಯೋಚನೆಗೆ ಹಳೆಯ ವಂಶಾವಳಿಯೇ ಇದೆ. 1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳಲ್ಲಿ ಬಾರ್ಡ್ ಆಗಬೇಕಾದರೆ ಮೊದಲು ಫೈಟರ್ ಆಗಿ, ಆಮೇಲೆ ಥೀಫ್ ಆಗಿ, ಕೊನೆಗೆ ಡ್ರೂಯಿಡ್‌ಗಳ (ಪ್ರಕೃತಿಯ ಪೂಜಾರಿಗಳು) ಬಳಿ ಹೋಗಿ ಕಲಿಯಬೇಕಿತ್ತು. ನಿಮಗೆ ಅಷ್ಟು ತಾಳ್ಮೆಯಿದ್ದರೆ ಆ ಆಟವೂ ಚೆನ್ನಾಗಿದೆ.

ಪಾತ್‌ಫೈಂಡರ್ ಆಡುವವರೊಬ್ಬರು:

ಇಲ್ಲಿನ ಸಲಹೆಗಳನ್ನು ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಗೆ ಹಾಗೆಯೇ ಒಯ್ಯಬೇಡಿ. ಅಲ್ಲಿ ಕಲಿತ ಕೌಶಲಕ್ಕೆ ನಿಮ್ಮ ಲೆವೆಲ್ ಪೂರ್ತಿ ಸೇರುತ್ತದೆ, ಕಲಿಯದ್ದಕ್ಕೆ ಸೊನ್ನೆ. ಹತ್ತನೇ ಲೆವೆಲ್‌ಗೆ ಬರುವಷ್ಟರಲ್ಲಿ ಅಂತರ ಕಂದಕದಷ್ಟಾಗಿರುತ್ತದೆ. ಅನ್‌ಟ್ರೇನ್ಡ್ ಇಂಪ್ರೊವೈಸೇಷನ್ ಎಂಬ ಫೀಟ್ ಅದನ್ನು ತುಂಬಲೆಂದೇ ಇದೆ, ಮೂರರಲ್ಲಿ ತೆಗೆದುಕೊಳ್ಳಿ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಲೆವೆಲ್‌ಗೊಂದು ಕ್ಲಾಸ್ ಕೈಬಿಟ್ಟೆ. ಹೀಲರ್ ಫೀಟ್‌ನ ರೋಗ್ ಬಹಳ ಹಿಡಿಸಿತು, ಆದರೆ ಮಾತನಾಡುವವರು ಬೇಕೇ ಬೇಕು, ಹಾಗಾಗಿ ಬಾರ್ಡ್ ಕಡೆಗೆ ವಾಲಿದ್ದೇನೆ. ಒಂದೇ ಹಿಂಜರಿಕೆ. ತಂತಿವಾದ್ಯ ಹಿಡಿದು ಹೆಂಡದಂಗಡಿಯಲ್ಲಿ ಹಾಡುವ ಆ ಪಾತ್ರ ನನಗೆ ಒಗ್ಗುವುದಿಲ್ಲ. ಹಾಡದ ಬಾರ್ಡ್ ಸಾಧ್ಯವೇ?

ಮೊದಲ ಉತ್ತರದವರು:

ಖಂಡಿತ ಸಾಧ್ಯ. ಬಾರ್ಡಿಕ್ ಇನ್‌ಸ್ಪಿರೇಷನ್‌ಗೆ ನಿಯಮ ಕೇಳುವುದು ಹುರಿದುಂಬಿಸುವ ಮಾತು ಅಥವಾ ಸಂಗೀತ, ಎರಡರಲ್ಲಿ ಒಂದು. ನಮ್ಮ ಗುಂಪಿನ ದಕ್ಷಿಣ ಕನ್ನಡದ ಗೆಳೆಯರೊಬ್ಬರು ತಮ್ಮ ಬಾರ್ಡ್‌ನನ್ನು ತಾಳಮದ್ದಳೆಯ ಅರ್ಥಧಾರಿಯಾಗಿ ಕಟ್ಟಿದ್ದಾರೆ. ವೇಷವಿಲ್ಲ, ಕುಣಿತವಿಲ್ಲ, ಹಾಡುವುದು ಭಾಗವತರ ಪಾಲು. ಇವನದ್ದು ಕುಳಿತಲ್ಲಿಂದಲೇ ವಾದ. ವಿಷಿಯಸ್ ಮಾಕರಿ ಎಂಬ ಕ್ಯಾಂಟ್ರಿಪ್ (ಸಣ್ಣ ಮಂತ್ರ) ಇವನಿಗಾಗಿಯೇ ಬರೆದಂತಿದೆ: ಎದುರಾಳಿಯನ್ನು ಹಂಗಿಸಿದರೆ, ಅವನು ವಿಸ್ಡಮ್ ಸೇವ್‌ನಲ್ಲಿ (ತಡೆದುಕೊಳ್ಳಲು ಹಾಕುವ ದಾಳ) ಸೋತರೆ, ಗಾಯವೂ ಆಗುತ್ತದೆ, ಅವನ ಮುಂದಿನ ಏಟಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆಯದೇ ಗತಿ) ಕೂಡ. ಓಗರ್ (ದೈತ್ಯ ರಾಕ್ಷಸ) ಒಬ್ಬನಿಗೆ ಅವರು ಧರ್ಮ ಯಾವುದು, ಅಧರ್ಮ ಯಾವುದು ಎಂದು ಪ್ರಶ್ನೆ ಹಾಕಿ ನಿಲ್ಲಿಸಿದ್ದನ್ನು ನಾವು ಇಂದಿಗೂ ಆಡಿಕೊಳ್ಳುತ್ತೇವೆ. ಹೀಲಿಂಗ್ ವರ್ಡ್‌ಗೂ ಬಾಯಿಮಾತು ಬಿಟ್ಟು ಬೇರೇನೂ ಬೇಡ.

ವಸ್ತು ಬೇಡುವ ಮಂತ್ರಗಳಿಗೆ ಮಾತ್ರ ಕೈಯಲ್ಲಿ ಏನಾದರೂ ಇರಬೇಕು. ಬಾರ್ಡ್‌ಗೆ ಶುರುವಿನಲ್ಲೇ ತನಗೆ ಬೇಕಾದ ಒಂದು ವಾದ್ಯ ಸಿಗುತ್ತದೆ. ಅವರು ಮದ್ದಳೆ ತೆಗೆದುಕೊಂಡು ಹಾಳೆಯಲ್ಲಿ ಡ್ರಮ್ ಎಂದು ಬರೆದರು. ವಾದ್ಯವೇ ಬೇಡವೆಂದರೆ ಕಾಂಪೊನೆಂಟ್ ಪೌಚ್ (ಮಂತ್ರದ ವಸ್ತುಗಳ ಚೀಲ) ಕೊಳ್ಳಿ. ಬೆಲೆ 25 ಚಿನ್ನದ ನಾಣ್ಯ, ಮೊದಲ ಸುರಂಗದಲ್ಲೇ ಹುಟ್ಟಿಬಿಡುತ್ತದೆ.