ಸಹಾಯ ಬೇಕು: ಈ ಬಿಸಿಲಲ್ಲಿ ಮೋತಿಯನ್ನು ವಾಕಿಂಗ್‌ಗೆ ಕರೆದೊಯ್ಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಪಕ್ಕದ ಮನೆಯ ಅಜ್ಜಿಗೆ ಮಂಡಿ ನೋವು, ಅದಕ್ಕೆ ಅವರ ಲ್ಯಾಬ್ರಡಾರ್ ನಾಯಿ ಮೋತಿಯನ್ನು ಮೂರು ತಿಂಗಳಿಂದ ನಾನೇ ದಿನಾ ಅಪ್ಪನ ಕೆರೆ ಕಡೆ ಸುತ್ತಾಡಿಸಿಕೊಂಡು ಬರುತ್ತೇನೆ. ಊರಿಂದ ಬಂದು ರೂಮಲ್ಲಿ ಒಬ್ಬನೇ ಇದ್ದವನಿಗೆ ಅದು ಬಾಲ ಆಡಿಸುತ್ತಾ ಗೇಟಿನ ಹತ್ತಿರ ಕಾಯುವುದೇ ದೊಡ್ಡ ಸಮಾಧಾನ. ನಡೆದು ನಡೆದು ನನಗೂ ಈಗ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ತೊಂದರೆ ಬಿಸಿಲಿನದು. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಗೊತ್ತೇ ಇದೆ ಅಲ್ವಾ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೊನ್ನೆ ಸಂಜೆ 6ಕ್ಕೆ ಹೊರಟರೆ ಡಾಂಬರು ಇನ್ನೂ ಸುಡುತ್ತಿತ್ತು, ಮೋತಿ ಕಾಲು ಎತ್ತೆತ್ತಿ ಇಡುತ್ತಾ ಅರ್ಧ ದಾರಿಯಲ್ಲೇ ಕೂತುಬಿಟ್ಟಿತು, ನನಗೆ ತುಂಬಾ ಬೇಜಾರಾಯಿತು. ಈಗ ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ನೋಡುತ್ತೇನೆ, 7 ಸೆಕೆಂಡ್ ಇಡಲು ಆಗದಿದ್ದರೆ ಹೋಗುವುದಿಲ್ಲ. ಬೆಳಿಗ್ಗೆ 5:30ಕ್ಕೆ ಹೊರಡುತ್ತೇನೆ, ನೀರಿನ ಬಾಟಲಿ ಜೊತೆಗಿರುತ್ತದೆ.

ಆದರೆ ಆ ಹೊತ್ತಿಗೆ ಬೀದಿನಾಯಿಗಳ ಗುಂಪು ಜಾಸ್ತಿ. ಮೋತಿಗೆ ರೇಬೀಸ್ ಲಸಿಕೆ ಆಗಿದೆ, ಆದರೂ ಭಯ. ಅವು ಬೊಗಳಿದರೆ ಓಡಬಾರದು ಅಂತ ಗೊತ್ತು, ಮೋತಿ ಎಳೆಯುವಾಗ ಏನು ಮಾಡಬೇಕು? ಕೊರಳಪಟ್ಟಿ ಬಿಟ್ಟು ಎದೆಗೆ ಕಟ್ಟುವ ಹಾರ್ನೆಸ್ ಹಾಕಿದರೆ ಹಿಡಿತ ಸಿಗುತ್ತದಾ? ಬೆಳಿಗ್ಗೆ ಕೆರೆ ಕಡೆ ನಾಯಿ ಜೊತೆ ಬರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಜೊತೆಗೇ ನಡೆಯೋಣ.