ಕೆಲಸದ ಮೆಡಿಕಲ್, ಯೂರಿನ್ ರಿಪೋರ್ಟ್: ಲ್ಯಾಬ್ ಡಾಕ್ಟರ್ ಜೊತೆ ಪ್ರಶ್ನೋತ್ತರ

ಲ್ಯಾಬ್ ಡಾಕ್ಟರ್: ಕೆಲಸಕ್ಕೆ ಸೇರುವಾಗ ಮಾಡಿಸುವ ಮೂತ್ರ ಪರೀಕ್ಷೆಯ ರಿಪೋರ್ಟನ್ನು ತಪ್ಪಾಗಿ ಓದಿ ಎಷ್ಟೋ ಜನ ಹೆದರಿ ಬರುತ್ತಾರೆ. ಸಂಜೆವರೆಗೂ ಇರುತ್ತೇನೆ, ಕೇಳಿ. ಫಾರ್ವರ್ಡ್ ಮದ್ದು ಮಾತ್ರ ಹಾಕಬೇಡಿ.

ಪೀಣ್ಯದ ಫಿಟ್ಟರ್: ಸರ್, ಪಸ್ ಸೆಲ್ಸ್ (ಕೀವು ಕಣ) 3-4 ಬಂದಿದೆ. ಇನ್‌ಫೆಕ್ಷನ್ ಅಂತ ಎಚ್‌ಆರ್‌ನವರು ತಡೆದಿದ್ದಾರೆ.

ಲ್ಯಾಬ್ ಡಾಕ್ಟರ್: ಉರಿ, ಜ್ವರ ಇಲ್ಲದಿದ್ದರೆ 5ರವರೆಗೆ ನಾರ್ಮಲ್. ಮೊದಲು ಬರುವುದನ್ನು ಬಿಟ್ಟು ನಡುವಿನದನ್ನು ಹಿಡಿದು ಇನ್ನೊಮ್ಮೆ ಕೊಡಿ.

ಹಾಸನದ ಚಾಲಕ: ಮೂತ್ರದಲ್ಲಿ ಸಕ್ಕರೆ 3+, ಅನ್‌ಫಿಟ್ ಅಂತ ಬರೆದರು. ರಕ್ತದಲ್ಲಿ ಕಂಟ್ರೋಲ್‌ನಲ್ಲೇ ಇದೆ. ಶುಗರ್‌ಗೆ ಡಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ತೀನಿ.

ಲ್ಯಾಬ್ ಡಾಕ್ಟರ್: ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದೇ ಆ ಮಾತ್ರೆಯ ಕೆಲಸ. ಅದನ್ನು ನಿಲ್ಲಿಸಬೇಡಿ. ಡಾಕ್ಟರ್ ಚೀಟಿ ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ರಿಪೋರ್ಟ್ ತೋರಿಸಿ.

ಮಂಡ್ಯದ ಅಣ್ಣ: ತಮ್ಮನಿಗೆ ಪೊಲೀಸ್ ಕೆಲಸದ ಮೆಡಿಕಲ್. ಎರಡು ದಿನದ ಹಿಂದೆ ಒಂದೇ ಸಲ 300 ಬಸ್ಕಿ ಹೊಡೆದಿದ್ದ. ಮೂತ್ರ ಕೋಲಾ ಬಣ್ಣ. ಸ್ಟ್ರಿಪ್‌ನಲ್ಲಿ ರಕ್ತ 3+, ಮೈಕ್ರೋಸ್ಕೋಪ್‌ನಲ್ಲಿ ಕೆಂಪು ಕಣ 0-1. ಕಲ್ಲು ಇರಬೇಕು, ಜಾಸ್ತಿ ನೀರು ಕುಡಿ ಅಂತ ಕಳಿಸಿದರು.

ಲ್ಯಾಬ್ ಡಾಕ್ಟರ್: ತೊಡೆ ನೋವು ಇದೆಯಾ? ಎಷ್ಟು ಸಲ ಮೂತ್ರಕ್ಕೆ ಹೋದ?

ಮಂಡ್ಯದ ಅಣ್ಣ: ಮೆಟ್ಟಿಲು ಹತ್ತಲು ಆಗ್ತಿಲ್ಲ. ಬೆಳಗ್ಗೆಯಿಂದ ಒಂದೇ ಸಲ.

ಲ್ಯಾಬ್ ಡಾಕ್ಟರ್: ಈಗಲೇ ಹೊರಡಿ, ನಾಳೆ ಬೇಡ. ಸ್ಟ್ರಿಪ್‌ಗೆ ರಕ್ತದ ಹಿಮೋಗ್ಲೋಬಿನ್ನೂ ಒಂದೇ, ಮಾಂಸಖಂಡದ ಮಯೋಗ್ಲೋಬಿನ್ನೂ ಒಂದೇ, ಎರಡಕ್ಕೂ ರಕ್ತ ಅಂತಲೇ ತೋರಿಸುತ್ತದೆ. ಕಲ್ಲಿನಿಂದ ಇಷ್ಟು ರಕ್ತ ಬಂದಿದ್ದರೆ ಕೆಂಪು ಕಣ ತುಂಬಾ ಕಾಣಬೇಕಿತ್ತು, ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದರೆ ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಬರುತ್ತಿದೆ ಅಂತ ನನ್ನ ಅನುಮಾನ, ಮೂತ್ರ ಕಡಿಮೆ ಆಗಿರುವುದೇ ನನಗೆ ಭಯ. ಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಿ. ಸಿಪಿಕೆ (ಸ್ನಾಯು ಎಷ್ಟು ಒಡೆದಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಸಿಯಂ, ಇಸಿಜಿ ಕೇಳಿ. ನೋವಿನ ಮಾತ್ರೆ ಕೊಡಬೇಡಿ.

ಸದಸ್ಯ 1: ಬಾಳೆ ದಿಂಡಿನ ರಸ, ಎಳನೀರು ಮೂರು ದಿನ ಕೊಡಿ. ಕಲ್ಲು ಕರಗುತ್ತೆ.

ಲ್ಯಾಬ್ ಡಾಕ್ಟರ್: ಕೊಡಬೇಡಿ! ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಸ್ನಾಯು ಒಡೆದಾಗ ಅದು ಮೊದಲೇ ಏರಿರುತ್ತದೆ, ಇನ್ನೂ ಏರಿದರೆ ಹೃದಯ ನಿಲ್ಲಬಹುದು. ಬೇಡ ಅಂತ ಮೊದಲೇ ಹೇಳಿದ್ದೆ.

ಸದಸ್ಯ 1: ನಮ್ಮಪ್ಪನಿಗೆ ದಿಂಡಿನ ರಸದಲ್ಲೇ ವಾಸಿ ಆಯ್ತು. ನಿಮಗೆ ಆಸ್ಪತ್ರೆ ಬಿಲ್ ಆಗಬೇಕು ಅಷ್ಟೇ.

ಸದಸ್ಯ 2: ನಿಮ್ಮಪ್ಪನಿಗೆ ಇದ್ದದ್ದು ಕಲ್ಲು. ಇಲ್ಲಿ ಹುಡುಗನ ಜೀವದ ಮಾತು, ಸುಮ್ನೆ ಇರಿ.

ತುಮಕೂರಿನ ಗೃಹಿಣಿ: ಮೇಡಮ್ ಅಥವಾ ಸರ್, ಗಾರ್ಮೆಂಟ್ ಕೆಲಸಕ್ಕೆ ಕೊಟ್ಟ ಮೂತ್ರದಲ್ಲೇ ಹೇಳದೆ ಕೇಳದೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದ್ದಾರೆ. ಇದು ಸರಿನಾ?

ಸದಸ್ಯ 3: ಪಸ್ ಸೆಲ್ಸ್ 2-3 ಇದೆ, ಭಯನಾ?

ಲ್ಯಾಬ್ ಡಾಕ್ಟರ್: ಮೇಲೆ ಓದಿ.

ಕುಂದಾಪುರದವನು: ಕುವೈತ್ ಕೆಲಸಕ್ಕೆ ಟೆಸ್ಟ್. ಅಫೀಮು ಪಾಸಿಟಿವ್! ಬೀಡಿ ಕೂಡ ಮುಟ್ಟಿಲ್ಲ. ಹಿಂದಿನ ದಿನ ಮದುವೆ ಊಟ ಮಾಡಿದ್ದೆ.

ಲ್ಯಾಬ್ ಡಾಕ್ಟರ್: ಗಸಗಸೆ ಪಾಯಸ ಇತ್ತಾ? ಕೊಡೀನ್ ಇರುವ ಕೆಮ್ಮಿನ ಸಿರಪ್?

ಕುಂದಾಪುರದವನು: ಪಾಯಸ ಎರಡು ಲೋಟ ಕುಡಿದೆ.

ಸದಸ್ಯ 1: ಪಾಯಸದಿಂದ ಅಫೀಮಾ? ಬುರುಡೆ.

ಲ್ಯಾಬ್ ಡಾಕ್ಟರ್: ಗಸಗಸೆ ಅಫೀಮು ಗಿಡದ್ದೇ ಬೀಜ. ಇದೇ ಕಾರಣಕ್ಕೆ ಅಮೆರಿಕದ ಸರ್ಕಾರಿ ಕೆಲಸಗಳ ಪರೀಕ್ಷೆಯಲ್ಲಿ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300ರಿಂದ 2000 ನ್ಯಾನೋಗ್ರಾಂಗೆ ಏರಿಸಿದರು. ಅದೇ ಸ್ಯಾಂಪಲ್ ಮೇಲೆ ದೃಢೀಕರಣ ಪರೀಕ್ಷೆ ಬರೆದು ಕೇಳಿ. ಗಸಗಸೆಯಿಂದ ಬಂದ ಮಾರ್ಫಿನ್ (ಅಫೀಮಿನ ಅಂಶ) ಆ ಪರೀಕ್ಷೆಯಲ್ಲೂ ಕಾಣಬಹುದು, ಹಾಗಾಗಿ ಪ್ರಮಾಣ ಎಷ್ಟು ಅಂತಲೂ ಕೇಳಿ, ಪಾಯಸದ ವಿಷಯ ಮುಚ್ಚಿಡಬೇಡಿ.

ಸದಸ್ಯ 2: ಅಲ್ಲಿಗೆ ಗಸಗಸೆ ಕಟ್ಟಿಕೊಂಡು ಹೋಗಲೇಬೇಡಿ, ಕೊಲ್ಲಿಯ ಕೆಲವು ದೇಶಗಳಲ್ಲಿ ನಿಷೇಧ ಇದೆ.

ತುಮಕೂರಿನ ಗೃಹಿಣಿ: ನನ್ನ ಪ್ರಶ್ನೆ?

ಸದಸ್ಯ 4: ಪಸ್ ಸೆಲ್ಸ್ 4

ಲ್ಯಾಬ್ ಡಾಕ್ಟರ್: ಮೇಲೆ ಇದೆ ಅಂದೆನಲ್ಲಾ! ಮಂಡ್ಯದವರೇ, ತಲುಪಿದಿರಾ?

ಮಂಡ್ಯದ ಅಣ್ಣ: ಅಡ್ಮಿಟ್ ಮಾಡಿಕೊಂಡು ಡ್ರಿಪ್ ಹಾಕಿದ್ದಾರೆ. ಸಿಪಿಕೆ 42,000.

ಲ್ಯಾಬ್ ಡಾಕ್ಟರ್: ಪೊಟ್ಯಾಸಿಯಂ ಎಷ್ಟು? ಅದನ್ನು ಹಾಕಿ. ಉಳಿದವರು ಸ್ವಲ್ಪ ಹೊತ್ತು ಏನೂ ಬರೆಯಬೇಡಿ.