ಮಿದುಳಿಗೆ ಏಟಾದ ಮೇಲೆ ನೆನಪು, ಬುದ್ಧಿ ಎಷ್ಟು ವಾಪಸ್ ಬಂತು? ಅನುಭವ ಹೇಳಿ

ಚಿಂತಾಮಣಿ: ಅಪ್ಪನಿಗೆ 61. ಫೆಬ್ರವರಿಯಲ್ಲಿ ಹೃದಯ ನಿಂತು ಮಿದುಳಿಗೆ ಆಕ್ಸಿಜನ್ ಹೋಗಲಿಲ್ಲ. ಈಗ ಓಡಾಡುತ್ತಾರೆ, ಮಾತಾಡುತ್ತಾರೆ. ಆದರೆ ತಿಂದ ತಿಂಡಿ ಹತ್ತು ಗಂಟೆಗೇ ಮರೆತಿರುತ್ತದೆ. ಪಕ್ಕದ ಮನೆ ಹುಡುಗ ಬೈಕಿನಿಂದ ಬಿದ್ದು ಆರೇ ತಿಂಗಳಲ್ಲಿ ಕೆಲಸಕ್ಕೆ ಹೋದ. ಅಪ್ಪನೂ ಹಾಗೇ ಸುಧಾರಿಸುತ್ತಾರಾ?

ಗುಬ್ಬಿ: ಕೆಲಸಕ್ಕೆ ಹೋದ ಅಂದರೆ ಸರಿಹೋದ ಅಂತಲ್ಲ. ನನ್ನ ತಮ್ಮ ಕ್ಯಾತ್ಸಂದ್ರದ ಹತ್ತಿರ ಬಿದ್ದ. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಒಂಬತ್ತು ದಿನ ಐಸಿಯು, ಬಿಲ್ 4,82,000. ಆಂಬುಲೆನ್ಸ್ 6,500 ಬೇರೆ. ಹದಿನಾರು ಗುಂಟೆ ತೆಂಗಿನ ತೋಟ ಹೋಯಿತು. ನೆನಪಿಗೇನೂ ಆಗಿಲ್ಲ, ಹಳೇ ಕೊಬ್ಬರಿ ರೇಟೆಲ್ಲ ಹೇಳುತ್ತಾನೆ. ಪೆಟ್ಟು ಬಿದ್ದಿದ್ದು ಹಣೆ ಹಿಂದಿನ ಭಾಗಕ್ಕೆ, ಸಿಟ್ಟು ತಡೆಯುವುದಕ್ಕೇ ಆಗಲ್ಲ. ಹೋದ ವಾರ ಉಪ್ಪು ಕಮ್ಮಿ ಅಂತ ಸಾರಿನ ಪಾತ್ರೆ ಎಸೆದ. ಅಮ್ಮ ಮಾತಾಡದೆ ಗೋಡೆ ಒರೆಸಿದರು. ಹೆಂಡತಿ ತವರಿಗೆ ಹೋಗಿ ನಾಲ್ಕು ತಿಂಗಳು.

ಬಂಗಾರಪೇಟೆ: ಮಾತಾದರೂ ಇದೆಯಲ್ಲ ನಿಮ್ಮ ತಮ್ಮನಿಗೆ. ನಮ್ಮೆಜಮಾನರಿಗೆ ಸ್ಟ್ರೋಕ್, ಮಿದುಳಿನ ಎಡಭಾಗ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಬೀಳಬೇಕು. ನಾವು ಮಲಗಿದರೆ ಸರಿಹೋಗುತ್ತೆ ಅಂತ ಇಡೀ ರಾತ್ರಿ ಕಳೆದೆವು. ಹೇಳಿದ್ದು ಅರ್ಥವಾಗುತ್ತದೆ, ಪದ ಬರಲ್ಲ. ನೀರು ಬೇಕಾದರೆ ‘ಬೀಗ’ ಅನ್ನುತ್ತಾರೆ. ಸ್ಪೀಚ್ ಥೆರಪಿ ಸಲಕ್ಕೆ 600, ವಾರಕ್ಕೆ ಮೂರು ಸಲ, ಹದಿನಾಲ್ಕು ತಿಂಗಳು. ಎರಡು ಬಳೆ ಅಡವಿಟ್ಟಿದ್ದೇನೆ. ಮೊನ್ನೆ ನನ್ನ ಹೆಸರು ಕರೆದರು.

ಗುಬ್ಬಿ: ಅಕ್ಕ, ನಿಮ್ಮವರು ಯಾರ ಮೇಲೂ ಕೈ ಎತ್ತಲ್ಲ ಅಲ್ವಾ?

ಬಂಗಾರಪೇಟೆ: ಹೆಲ್ಮೆಟ್ ತಲೆ ಮೇಲೆ ಇದ್ದಿದ್ದರೆ ನಿಮಗೂ ಈ ಮಾತು ಬರುತ್ತಿರಲಿಲ್ಲ.

ಗುಬ್ಬಿ: ರಾತ್ರಿಯೆಲ್ಲ ಮಲಗಿಸಿಕೊಂಡವರು ನನಗೆ ಬುದ್ಧಿ ಹೇಳಬೇಡಿ.

ಶಿಡ್ಲಘಟ್ಟ: ಇಬ್ಬರೂ ನಿಲ್ಲಿಸಿ. ಚಿಂತಾಮಣಿಯವರು ಕೇಳಿದ್ದು ಆಕ್ಸಿಜನ್ ವಿಷಯ. ನಮ್ಮಮ್ಮನಿಗೂ ಅದೇ. ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಆಕ್ಸಿಜನ್ ಇಲ್ಲದಿದ್ದರೆ ಬೇಗ ಕೆಡುತ್ತದೆ. ಬೈಕ್ ಹುಡುಗನ ಜೊತೆ ಹೋಲಿಸಿ ನಾನೂ ಒಂದು ವರ್ಷ ಕಾದೆ. ಅಮ್ಮ ದಿನಕ್ಕೆ ಇಪ್ಪತ್ತು ಸಲ ‘ಗೂಡು ಮಾರ್ಕೆಟ್‌ಗೆ ಹೋಯ್ತಾ?’ ಅಂತ ಕೇಳೋರು. ಎಣ್ಣೆ ಚಿಕಿತ್ಸೆಗೆ 45 ದಿನ, 18,000. ಸುಮ್ನೆ ಹೋಯಿತು. ಆಮೇಲೆ ನಿಮ್ಹಾನ್ಸ್‌ನಲ್ಲಿ ನ್ಯೂರೋಸೈಕಾಲಜಿ ಟೆಸ್ಟ್ ಮಾಡಿಸಿದೆವು. ಏನು ಹೋಗಿದೆ, ಏನು ಉಳಿದಿದೆ ಗೊತ್ತಾಯಿತು. ಈಗ ಬಾಗಿಲ ಪಕ್ಕ ಸ್ಲೇಟು. ಮಾತ್ರೆ ನುಂಗಿದ ಕೂಡಲೇ ಅವರೇ ಗೀಟು ಹಾಕುತ್ತಾರೆ. ಕೇಳುವುದು ಕಮ್ಮಿಯಾಗಿದೆ.

ಬಟವಾಡಿ: ಎಣ್ಣೆ ಚಿಕಿತ್ಸೆ ಬಗ್ಗೆ ಹಾಗೆಲ್ಲ ಹೇಳಬೇಡಿ. ನಮ್ಮ ಮಾವನ ಭುಜ ಸಡಿಲವಾಗಿದ್ದೇ ಅದರಿಂದ.

ಶಿಡ್ಲಘಟ್ಟ: ಭುಜ ಬೇರೆ, ನೆನಪು ಬೇರೆ. ಹೋದ ದುಡ್ಡು ನನ್ನದು.

ಬಂಗಾರಪೇಟೆ: ಬಟವಾಡಿಯವರೇ, ಎಲ್ಲಿ ಮಾಡಿಸಿದಿರಿ? ನಮ್ಮವರ ಬಲಗೈ ಇನ್ನೂ ಬಿಗಿಯಾಗೇ ಇದೆ.